ಎಡಗಡೆಯದು, ಒಂಬೈನೂರ ನಲವತ್ತು ಗ್ರಾಂ

ಲುಸಾಕಾದಲ್ಲಿ ಜೂನ್ ಅಂದರೆ ಚಳಿ.
ಮಿನಿಬಸ್ಸಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ.
ಬಾಗಿಲಲ್ಲಿ ಒಂದು ಕಾಲು ಊರಿ, ಇನ್ನೊಂದನ್ನು ಗಾಳಿಗೆ ಬಿಟ್ಟು
ಮಟೇರೋ, ಮಟೇರೋ, ಇಬ್ಬರಿಗೆ ಜಾಗ, ಮಟೇರೋ
ಎಂದು ಕೂಗುತ್ತಿದ್ದವನು
ನನ್ನ ಮೇಜಿನ ಮೇಲೆ ಸುಮ್ಮನಿದ್ದಾನೆ.

ಕಪೆಂಬ್ವಾ. ಇಪ್ಪತ್ತಾರು.
ಕಾಲ್ಬೆರಳಿನ ಚೀಟಿಯಲ್ಲಿ ಪೊಲೀಸರ ಅಕ್ಷರ: ವಿಷ?
ಪ್ರಶ್ನೆಚಿಹ್ನೆಯನ್ನು ಎರಡು ಸಲ ತಿದ್ದಿದ್ದಾರೆ.

ನಾನು ಡಾಕ್ಟರಲ್ಲ.
ಡಾಕ್ಟರ್ ನಮೂಂಗಾ ಕೊಯ್ಯುತ್ತಾರೆ, ನೋಡುತ್ತಾರೆ.
ತೊಳೆಯುವುದು, ತೂಗುವುದು, ಹೊಲಿಯುವುದು ನನ್ನದು,
ಹತ್ತೊಂಬತ್ತು ವರ್ಷದಿಂದ.

ಹೊರಗೆ ಮಾವಿನ ಮರದಡಿ ಅವನ ಕಡೆಯವರು.
ಸತ್ತವನನ್ನು ಮತ್ತೆ ಕೊಲ್ಲಬೇಡಿ ಎಂದಳು ತಾಯಿ.
ಕೊಯ್ಯಿರಿ ಎಂದ ಸೋದರಮಾವ;
ಸಿಕೋಟಾ ಕೊಟ್ಟ ಚಹಾ ಕುಡಿದ, ಲೋಟ ಕೆಳಗಿಡಲಿಲ್ಲ,
ರಕ್ತ ಕಾರಿದ. ಇನ್ನೇನು ಬೇಕು ಸಾಕ್ಷಿ?
ಒಂದೇ ರೂಟಿನ ಇನ್ನೊಬ್ಬ ಕಂಡಕ್ಟರ್ ಸಿಕೋಟಾ
ಲಾಕಪ್ಪಿನಲ್ಲಿದ್ದಾನೆ, ಒಂದು ಕಣ್ಣು ಊದಿಸಿಕೊಂಡು.

ಎಡಗಡೆಯದು ಬಿಟ್ಟುಬರಲೊಲ್ಲದು.
ತಳ ಹಿಡಿದ ಗಂಜಿಯಂತೆ ಎದೆಗೂಡಿಗೆ ಅಂಟಿತ್ತು.
ಬಿಡಿಸಿ ತಕ್ಕಡಿಗಿಟ್ಟೆ, ಅಂಕಿ ಹೇಳಿದೆ.
ಮೇಲುತುದಿಯಲ್ಲೊಂದು ಪೊಳ್ಳು,
ನನ್ನ ಹೆಬ್ಬೆರಳು ಹಿಡಿಸುವಷ್ಟು;
ಅದರ ಸುತ್ತ ಒಡೆದ ಗಿಣ್ಣಿನಂಥದ್ದು,
ನಡುವೆ ಹಾದ ಸಣ್ಣ ರಕ್ತನಾಳ
ಸವೆದು, ಉಬ್ಬಿ, ಬಿರಿದಿತ್ತು.
ಕ್ಷಯ, ಎಂದರು ಡಾಕ್ಟರು. ತಿಂಗಳುಗಳದ್ದು.

ಹೊಟ್ಟೆಯಲ್ಲಿ ನುಂಗಿದ ರಕ್ತವಿತ್ತು, ಚಹಾ ಇತ್ತು.
ನಿಯಮದಂತೆ ಬಾಟಲಿಗೆ ತುಂಬಿ ಲ್ಯಾಬಿಗೆ ಕಳಿಸಿದೆವು.
ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ
ಕಾಗೆಗೆ ಜೈಲು.

ಕೆಮ್ಮಿತ್ತು, ಎಂದಳು ಹೆಂಡತಿ ಮುಲೆಂಗಾ,
ಕೂಗುವ ಕೆಲಸ, ಡೀಸೆಲ್ ಹೊಗೆ, ಇರುತ್ತದಲ್ಲ.
ಕ್ಲಿನಿಕ್ಕಿನ ಸಾಲಿನಲ್ಲಿ ನಿಂತಿದ್ದನಂತೆ ಒಮ್ಮೆ,
ಹತ್ತು ಗಂಟೆಗೆ ಬಸ್ಸಿನ ಒಡೆಯ ಫೋನು ಮಾಡಿದ, ಹೊರಟುಬಂದ.
ಅವನ ವಸ್ತುಗಳ ಪಟ್ಟಿ ಬರೆದವನು ನಾನೇ:
ಚಿಲ್ಲರೆ, ಒಂದು ಫೋನು, ಒಂದು ಬೆಲ್ಟು.
ಬೆಲ್ಟಿಗೆ ಮೊಳೆಯಲ್ಲಿ ಕೊರೆದ ಹೊಸ ತೂತು, ಮೂರು.
ಅದನ್ನು ಪಟ್ಟಿಯಲ್ಲಿ ಬರೆಯುವ ಜಾಗವಿರಲಿಲ್ಲ.

ಹೊಲಿದೆ. ತಾಯಿ ನೋಡುತ್ತಾಳೆಂದು
ಕತ್ತಿನ ಕಡೆ ಹತ್ತಿರ ಹತ್ತಿರ ಹೊಲಿದೆ.
ಡಾಕ್ಟರು ಮರದಡಿ ಹೋಗಿ ನೆಲದ ಮೇಲೆ ಕೂತು ಹೇಳಿದರು.
ಸೋದರಮಾವ ಎದ್ದು ಹೋದ. ತಾಯಿ
ಹಾಗಾದರೆ ಯಾರೂ ಮಾಡಿದ್ದಲ್ಲವೇ ಎಂದಳು,
ಅದರಲ್ಲಿ ನೆಮ್ಮದಿಯಿತ್ತೋ ಹೊಸ ಸಂಕಟವೋ ತಿಳಿಯಲಿಲ್ಲ.
ಮುಲೆಂಗಾ ಮಾತ್ರ ಚಿಟೆಂಗೆ ಬಟ್ಟೆಯ ಗಂಟು ಬಿಚ್ಚಿ
ಬೆನ್ನಿನ ಮಗುವನ್ನು ಮುಂದಕ್ಕೆ ತಂದಳು:
ಇವಳು ಅವನ ಎದೆಯ ಮೇಲೆಯೇ ಮಲಗುತ್ತಿದ್ದಳು.

ಡಾಕ್ಟರು ಚೀಟಿ ಬರೆದರು, ಇಬ್ಬರಿಗೂ,
ಇನ್ನೊಂದು ಪೊಲೀಸರಿಗೆ.

ಸಂಜೆ ಗೇಟಿನ ಹತ್ತಿರ ಸಿಕೋಟಾ ನಿಂತಿದ್ದ.
ಒಳಗೆ ಬಾ ಎಂದೆ. ಬರಲಿಲ್ಲ.

ನನ್ನ ಮನೆಯೂ ಮಟೇರೋದಲ್ಲೇ.
ಹದಿನಾಲ್ಕು ಸೀಟು, ಹತ್ತೊಂಬತ್ತು ಜನ.
ಕಿಟಕಿ ಸರಿಸಿದೆ. ಪಕ್ಕದ ಹೆಂಗಸು ಶಾಲು ಎಳೆದುಕೊಂಡು
ಮುಚ್ಚಪ್ಪಾ, ಚಳಿಗೆ ಸಾಯಬೇಕೇ ಎಂದಳು.
ಮುಚ್ಚಿದೆ.
ನಾಲ್ಕು ಬೆರಳಿನಷ್ಟು ಬಿಟ್ಟು.