ಚೊಗರು

ದಿನಕ್ಕೆ ಮುನ್ನೂರು ಬಟ್ಟಲು.
ಹೀರು, ಬಾಯೆಲ್ಲ ಆಡಿಸು, ಉಗಿ.
ಇಪ್ಪತ್ತೆರಡು ವರ್ಷ ಹೀಗೆ ಉಗಿದೇ ಅನ್ನ ಉಂಡವಳು ನಾನು.
ಕೆರಿಚೋದ ಎಲೆ ಯಾವುದು, ಲಿಮುರುವಿನದು ಯಾವುದು,
ಯಾವ ಕಾರ್ಖಾನೆಯ ರಾತ್ರಿಪಾಳಿಯವನು ತೂಕಡಿಸಿ
ಒಲೆಗೆ ಕಾವು ಹೆಚ್ಚಾಯಿತು,
ಕಣ್ಣು ಮುಚ್ಚಿ ಹೇಳುತ್ತಿದ್ದೆ.
ಮೊಂಬಾಸಾದ ಚಹಾ ಹರಾಜಿನಲ್ಲಿ
ಮ್ವಾನಾಕೊಂಬೊಳ ನಾಲಿಗೆ ಎಂದರೆ ತಕ್ಕಡಿ.

ಎರಡನೆಯ ಡ್ರಿಪ್ಪಿನ ನಾಲ್ಕನೆಯ ದಿನ
ಬಾಯೊಳಗೊಂದು ನಾಣ್ಯ ಬಂದು ಕೂತಿತು.
ಅನ್ನ ನಾಣ್ಯ. ಮಾವು ನಾಣ್ಯ.
ನೀರು, ನಾಣ್ಯ ತೊಳೆದ ನೀರು.
ಬರಿದೇ ನುಂಗಿದ ಎಂಜಲೂ.

ಎಲ್ಲರೂ ಗಂಟಿನ ವಿಷಯವೇ ಕೇಳುತ್ತಾರೆ.
ಎಡಮೊಲೆಯ ಗಂಟು, ಕೊಯ್ದು ತೆಗೆದರು, ಅದರ ಕತೆ ಅಷ್ಟೇ.
ಔಷಧಿಯ ಕತೆ ಕೇಳುವವರಿಲ್ಲ,
ಕೇಳಿದರೂ ಮಧ್ಯದಲ್ಲೇ ಕೈಚೀಲ ಹುಡುಕುತ್ತಾರೆ.

ಕೂದಲು ಉದುರಿದ್ದು ಬುಯಿಬುಯಿಯೊಳಗೆ.
ಬೀದಿಗೆ ತಿಳಿಯಲಿಲ್ಲ.
ದಿಂಬಿಗೆ ತಿಳಿಯಿತು, ಬಚ್ಚಲ ಜಾಲರಿಗೆ ತಿಳಿಯಿತು.
ಹುಬ್ಬೂ ಹೋದ ಮೇಲೆ
ಮೀನಿನವಳು ನನ್ನ ಮುಖವನ್ನು ಎರಡು ಸಲ ನೋಡಿ
ಚೌಕಾಸಿಗೆ ನಿಲ್ಲದೆ ಕೇಳಿದ ಬೆಲೆಗೇ ಕೊಟ್ಟುಬಿಟ್ಟಳು.
ಹನ್ನೊಂದು ವರ್ಷ ನನ್ನೊಂದಿಗೆ ಜಗಳಾಡಿದ ಹೆಂಗಸು!
ಸಿಟ್ಟಿಗೆ ಕಣ್ಣು ತುಂಬಿತು.
ಮನೆಯ ಮೆಟ್ಟಿಲು ಮುಟ್ಟುವ ಮೊದಲೇ ಮೀನಿನ ವಾಸನೆಗೆ
ಮೂರು ಸಲ ಕಾರಿದೆ. ಬೆಕ್ಕಿಗೆ ಹಬ್ಬ.

ವಾಂತಿ ನಿಲ್ಲಲೆಂದು ಕೊಟ್ಟ ಮಾತ್ರೆ
ನಿದ್ದೆಯನ್ನೂ ನಿಲ್ಲಿಸಿತು.
ರಾತ್ರಿ ಎರಡಕ್ಕೆ ಡಬ್ಬಿಗಳನ್ನೆಲ್ಲ ಇಳಿಸಿ
ಒರೆಸಿ, ಮೂಸಿ, ಮತ್ತೆ ಏರಿಸಿದೆ.
ಅಂಗೈಯಲ್ಲೊಂದು ಕರಿಮೊಗ್ಗು ಹಿಡಿದು ನಿಂತೆ,
ಇದರ ಹೆಸರು, ಇದರ ಹೆಸರು...
ಅಮ್ಮ ಹಲ್ಲುನೋವಿಗೆ ಕೊಡುತ್ತಿದ್ದಳು,
ಪಿಲಾವಿಗೆ ಹಾಕುತ್ತೇವೆ,
ಇದರ ಹೆಸರು?
ಬೆಳಗಿನ ಅಜಾನಿನ ಹೊತ್ತಿಗೆ ನೆನಪಾಯಿತು.
ಲವಂಗ. ಲವಂಗ. ಲವಂಗ.
ಮಲಗಿದ್ದ ಮಗಳನ್ನು ಎಬ್ಬಿಸಿ ಹೇಳಿದೆ.

ಬಾಯಿ ಹುಣ್ಣಾಗದಿರಲೆಂದು
ಡ್ರಿಪ್ಪು ಇಳಿಯುವಷ್ಟು ಹೊತ್ತೂ ಐಸು ಚೀಪಬೇಕು,
ನರ್ಸ್ ಚೆಪ್ಕೋರಿರಳ ಕಟ್ಟಪ್ಪಣೆ.
ಮೂರನೆಯ ಸಲ ರುಕಿಯಾ ಕದ್ದು ತಂದಳು
ಬಾವೊಬಾಬ್ ಬೀಜದ ಮಿಠಾಯಿ,
ಕಡುಗೆಂಪು ಬಣ್ಣ ಮೆತ್ತಿದ್ದು, ಹಲ್ಲು ಚುಳ್ಳೆನ್ನುವ ಹುಳಿ.
ಹುಳಿಯೊಂದೇ ನಾಣ್ಯವನ್ನು ತುಸು ಪಕ್ಕಕ್ಕೆ ಸರಿಸುತ್ತದೆ.
ಒಂದಾಯಿತು, ಆರಾಯಿತು.
'ಬಾಯಿ ತೆರೆ' ಎಂದ ನರ್ಸಿನ ಕೈಯಿಂದ
ಟಾರ್ಚು ಜಾರಿತು. ರಕ್ತ! ಡಾಕ್ಟರ್!
ನಾನು ಮಾತು ಬಾರದೆ ಪೊಟ್ಟಣ ಎತ್ತಿ ತೋರಿಸಿದೆ.
ಪಕ್ಕದ ಹಾಸಿಗೆಯ ಮುದುಕಿ ನಕ್ಕ ರಭಸಕ್ಕೆ
ಅವಳ ಕೊಳವೆಯ ಯಂತ್ರ ಕೂಗಿಕೊಂಡಿತು.
ನಗುವಾಗ ನನ್ನ ಒಸಡು ಉರಿಯಿತು.
ಉರಿದರೂ ನಕ್ಕೆ.
ಪೊಟ್ಟಣ ಜಪ್ತಾಯಿತು. ಎರಡು ಬೀಜ ನರ್ಸಿನ ಜೇಬಿಗೆ.

ಒಯೂಗಿ ಒಂದು ಸಂಜೆ ಬಂದು
ಬಾಗಿಲಲ್ಲೇ ನಿಂತು ತೆಂಗಿನ ಚಿಪ್ಪಿನ ಸೌಟು ಕೊಟ್ಟ.
'ಲೋಹದ ಚಮಚ ಬಿಡು. ನನ್ನತ್ತೆಗೂ ಹೀಗೇ ಆಗಿತ್ತು.'
ಅತ್ತೆ ಈಗ ಹೇಗಿದ್ದಾಳೆ?
ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇಪ್ಪತ್ತನೆಯ ದಿನ ಕಚೇರಿಗೆ ಹೋದೆ.
ನಲವತ್ತು ಬಟ್ಟಲು ಸಾಲಾಗಿ, ಮೇಲೆ ತೆಳ್ಳಗೆ ಉಗಿ.
ಬೆರಳ ತುದಿ ಜೋಮು, ಬಿಸಿ ಗೊತ್ತಾಗದು;
ಎರಡೂ ಕೈಯಲ್ಲಿ ಚಿಪ್ಪಿನ ಸೌಟು ಹಿಡಿದೆ.
ನಾಣ್ಯ. ನಾಣ್ಯ. ನಾಣ್ಯ.
ಎಂಟನೆಯದರಲ್ಲಿ
ನಾಣ್ಯದ ಹಿಂದೆ, ಬಲು ಹಿಂದೆ,
ಕೆಳದವಡೆಯ ಒಳಮಗ್ಗುಲಲ್ಲಿ ಏನೋ ಬಿಗಿಯಿತು.

'ಚೊಗರು' ಎಂದೆ. 'ಒಲೆ ತುಸು ಹೆಚ್ಚಾಗಿದೆ.'

ಒಯೂಗಿ ಅದೇ ಬಟ್ಟಲಿಂದ ಹೀರಿದ, ಉಗಿದ,
ಬಂದರಿನ ಕಡೆಯ ಕಿಟಕಿ ನೋಡಿದ.
'ಹೌದು' ಎಂದ.

ಚಹಾದ ವಿಷಯದಲ್ಲಿ ಸುಳ್ಳಾಡುವವನಲ್ಲ.
ನನ್ನ ವಿಷಯದಲ್ಲಿ, ಗೊತ್ತಿಲ್ಲ.
ನಾಡಿದ್ದು ನಾಲ್ಕನೆಯ ಡ್ರಿಪ್ಪು.
ದಫ್ತರದಲ್ಲಿ ಎಂಟರ ಎದುರು
ಪೆನ್ಸಿಲಿನಿಂದ ಬರೆದೆ.