ಒಳಮಗ್ಗುಲು

ಲಡ್ಲೋ ಪಟ್ಟಣದಿಂದ ಆರು ಮೈಲಿ,
ಮಾರಾಟಕ್ಕಿಟ್ಟ ದೊಡ್ಡಮನೆ. ಅಲ್ಲಿ ಸಿನಿಮಾ.
ಕಥೆ ನಡೆಯುವ ವರ್ಷ ಸಾವಿರದ ಒಂಬೈನೂರ ಮೂವತ್ನಾಲ್ಕು.
ನನ್ನ ಕೆಲಸ ಗುಂಡಿ:
ಹನ್ನೊಂದು ಆಳುಗಳ ಕೋಟುಗಳಿಗೆ ಹಿತ್ತಾಳೆ ಗುಂಡಿ,
ಹದಿನಾರು ಏಪ್ರನ್ನುಗಳಿಗೆ ಲಾಡಿ.
ವುಲ್ವರ್‌ಹ್ಯಾಂಪ್ಟನ್ನಿನಿಂದ ದಿನಾ ಬೆಳಗಿನ ವ್ಯಾನಿನಲ್ಲಿ
ಸೂಜಿಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ.

ಮೂರನೆಯ ದಿನ ಹೆಟ್ಟಿ ಪ್ರಾಸರ್ ಬಂದಳು.
ಎಂಬತ್ತರ ಹತ್ತಿರ. ಇದೇ ಮನೆಯಲ್ಲಿ ಕಸ ಹೊಡೆದವಳು.
ನಟರಿಗೆ ಆಳಾಗುವುದನ್ನು ಕಲಿಸಲು ಕರೆಸಿದ್ದರು,
ದಿನಕ್ಕೆ ಮೂವತ್ತು ಪೌಂಡು, ಊಟ.
ಆಗ ಇದು ವರ್ಷದ ಸಂಬಳ, ಎಂದು ನಕ್ಕಳು.
ಮುಂಬಾಗಿಲು ತೆರೆದೇ ಇತ್ತು,
ಕಾಲು ಏಳದೆ ಹಿತ್ತಿಲು ಸುತ್ತಿಕೊಂಡು ಬಂದಳು.

ತಟ್ಟೆಯಿಂದ ಮೇಜಿನಂಚಿಗೆ ಹೆಬ್ಬೆರಳ ಒಂದು ಗೆಣ್ಣು.
ಧಣಿ ಎದುರಾದರೆ ಗೋಡೆಗೆ ಮುಖ.
ನಗು ಬಂದರೆ ಕೆನ್ನೆಯನ್ನು ಒಳಗಿನಿಂದ ಕಚ್ಚಿಕೋ.
ಅಳು ಬಂದರೆ? ಕೇಳಿದಳು ನಾಯಕಿ, ಇಪ್ಪತ್ತೆರಡರ ಹುಡುಗಿ.
ಅದಕ್ಕೆ ಗುರುವಾರ ಮಧ್ಯಾಹ್ನ ರಜೆ ಇತ್ತು, ಎಂದಳು ಹೆಟ್ಟಿ.

ಆಮೇಲೆ ಆ ದೃಶ್ಯ. ಬೆಳ್ಳಿ ಪಾತ್ರೆಯ ಕೋಣೆ.
ನಾಯಕ ಅವಳ ಕೈ ಹಿಡಿಯಬೇಕು,
ಕ್ಯಾಮೆರಾ ಮೆಲ್ಲಗೆ ಹತ್ತಿರ ಸರಿಯಬೇಕು,
ಕಿಟಕಿಯಾಚೆ ಪೈಪಿನಿಂದ ಮಳೆ.
ಆರು ಟೇಕು. ಆರು ಸಲವೂ ಹಿಡಿದ.
ನಿರ್ದೇಶಕನಿಗೆ ಏನೋ ಕಡಿಮೆ.
ಹೆಟ್ಟಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು
ನನ್ನ ಸೂಜಿಗಳಿಗೆ ಒಂದೊಂದಾಗಿ ದಾರ ಪೋಣಿಸುತ್ತ
"ಕೈಯಲ್ಲ" ಎಂದಳು, ಯಾರಿಗೂ ಅಲ್ಲವೆಂಬಂತೆ.

ಆಂಬ್ರೋಸ್ ಗಿಟ್ಟಿನ್ಸ್. ಎರಡನೇ ಫುಟ್‌ಮನ್.
ಬೆಳ್ಳಿಯನ್ನು ಬಟ್ಟೆಯಿಂದಲ್ಲ, ಬರಿಗೈಯಿಂದ ಉಜ್ಜಬೇಕು,
ಕೆಂಪು ಪುಡಿ ಕಲಸಿ, ಬೊಬ್ಬೆಯೆದ್ದು, ಒಡೆದು,
ಅಂಗೈ ಹಲಗೆಯಾಗುವ ತನಕ.
ಅವನ ಹೆಬ್ಬೆರಳು ಸದಾ ಕೆಂಪು.
(ನನಗೆ ಕುಂಕುಮ ನೆನಪಾಯಿತು.
ಹೇಳಲಿಲ್ಲ. ಅದು ಅವಳ ಕಥೆ.)

ಮೂರು ವರ್ಷ, ಒಂದೇ ಊಟದ ಮೇಜಿನ ಎರಡು ತುದಿ.
ಉಪ್ಪು ಇತ್ತ ಬರಲಿ.
ಬಂತು.
ಅಷ್ಟೇ ಮಾತು.
ಉಪ್ಪಿನ ಋಣ ಧಣಿಗೆ ಎನ್ನುತ್ತಾರೆ ನಮ್ಮ ಕಡೆ.
ಇವಳ ಋಣ ಮೇಜಿನ ಆಚೆ ತುದಿಗಿತ್ತು.

ಒಂದು ಸಂಜೆ ಮೇಲಿನ ಕೋಣೆಯ ಗಂಟೆ ಹೊಡೆದುಕೊಳ್ಳುತ್ತಿದೆ,
ಎರಡೂ ಕೈಯಲ್ಲಿ ಟ್ರೇ, ಹಿಂದೆ ಲಾಡಿ ಬಿಚ್ಚಿದೆ.
ಯಾರೋ ಗಂಟು ಹಾಕಿದರು.
ತಿರುಗಿ ನೋಡುವ ಹಾಗಿಲ್ಲ, ಚಹಾ ಆರುತ್ತದೆ.
ರಾತ್ರಿ ಅಟ್ಟದ ಕೋಣೆಯಲ್ಲಿ ಬಿಚ್ಚಿದರೆ
ಸೊಂಟಪಟ್ಟಿಯ ಒಳಮಗ್ಗುಲಲ್ಲಿ
ಒಂದು ಕೆಂಪು ಹೆಬ್ಬೆಟ್ಟು.

ಸೋಮವಾರ ಒಗೆಯುವ ಮನೆಯ ಹಂಡೆ ಅದನ್ನೂ ಕುದಿಸಿತು.

ಕಾವೆಂಟ್ರಿಯ ಕಾರ್ಖಾನೆಗೆ ಹೊರಟ ದಿನ
ಟ್ರಂಕು ಹಿಡಿದು ಬಾಗಿಲಲ್ಲಿ ನಿಂತು ಆಂಬ್ರೋಸ್ ಅಂದದ್ದು:
"ಮೀನಿನ ಫೋರ್ಕು ಒಂದು ಕಡಿಮೆ ಇದೆ. ಎಣಿಸಿ ನೋಡು."
ಎಣಿಸಿದಳು. ಇಪ್ಪತ್ನಾಲ್ಕು.
ಮತ್ತೆ ಎಣಿಸಿದಳು. ಇಪ್ಪತ್ನಾಲ್ಕೇ.
ಸರಿಯಾಗಿಯೇ ಇದೆಯಲ್ಲ ಎಂದು ಹೇಳಲು ಓಡುವಷ್ಟರಲ್ಲಿ
ಹಾಲಿನ ಗಾಡಿ ತಿರುವು ದಾಟಿತ್ತು.

ಮರುದಿನ ನಾನು ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ.
ನಾಯಕಿಯ ಏಪ್ರನ್ನಿನ ಪಟ್ಟಿ ಮಗುಚಿ
ಕೆಂಪು ಪುಡಿಯಲ್ಲಿ ಬೆರಳದ್ದಿ
ಒತ್ತಿದೆ. ಕ್ಯಾಮೆರಾ ಕಾಣದ ಕಡೆ.
ಹುಡುಗಿ ತೊಟ್ಟುಕೊಂಡು ಏಳನೇ ಟೇಕಿಗೆ ಹೋದಳು.
ಕೈ ಹಿಡಿದ. ಮಳೆ ಬಂತು.
ನಿರ್ದೇಶಕ ಚಪ್ಪಾಳೆ ತಟ್ಟಿದ.

ಸಂಜೆ ಬಟ್ಟೆ ಲೆಕ್ಕ ಮಾಡುವಾಗ ಹೆಟ್ಟಿಗೆ ತೋರಿಸಿದೆ.
ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿದಳು.
ಅಕ್ಕರೆಯ ಮಾತೇನಾದರೂ ಬಂದೀತೆಂದು ಕಾದೆ.
ಅಂಚಿಗೆ ಅಂಚು ಕೂಡಿಸಿ ಮಡಚಿ, ಕೈಗಿಟ್ಟಳು.

"ಇದು ಬಲಗೈಯದು," ಎಂದಳು.
"ಅವನು ಎಡಚ."