ಅಂಟಿದ ಮಣ್ಣು

ಡೋಣಿಯ ಮೇಲಿನ ಇಳಿಜಾರಿನಲ್ಲಿ, ಕಪ್ಪತಗುಡ್ಡದ ಬೆನ್ನಿಗೆ,
ಉತ್ತರಾಣಿಯ ಬುಡಕ್ಕೆ ಕುರಪಿ ಹಾಕಿ ಕಿತ್ತೆ.
ಒಮ್ಮೆ ಝಾಡಿಸಿದೆ.
ಉದುರಿದ್ದು ಉದುರಲಿ, ಅದು ಬರೀ ಗುಡ್ಡ.
ಬೇರಿನ ಕೂದಲು ಹಿಡಿದು ಬಿಡದೆ ಕೂತದ್ದಷ್ಟೇ ನನಗೆ ಬೇಕು,
ಒಂದು ಚಿಟಿಕೆ,
ಕಬ್ಬಿಣದ ಕೆಂಪು.

ಕುರಿ ಬಿಟ್ಟು ನೋಡುತ್ತ ನಿಂತ ಹೊಳಿಯವ್ವ ಕೇಳಿದಳು:
"ಗಿಡಾ ಒಗದು ಮಣ್ಣ ಒಯ್ತಿಯಲ್ಲ,
ಇದ್ಯಾವ ವೈದ್ಯಾನ ತಂಗಿ?"

ಬಸ್ಸಿನಲ್ಲಿ ತೊಡೆಯ ಮೇಲೆ ಥರ್ಮಾಕೋಲ್ ಡಬ್ಬಿ.
ಕಂಡಕ್ಟರ್ ಬಗ್ಗಿ: "ಏನೈತ್ರೀ, ಲಸಿಕೆ?"
"ಮಣ್ಣು."
ಮಣ್ಣಿಗೂ ಐಸ್ ಇಟ್ಟವಳನ್ನು ಅಣ್ಣಿಗೇರಿಯವರೆಗೂ
ತಿರುತಿರುಗಿ ನೋಡಿದ.

ಧಾರವಾಡ. ಎರಡನೇ ಮಹಡಿ. ಕರೆಂಟ್ ಬಂದು ಹೋಗಿ ಬಂದ ಮಧ್ಯಾಹ್ನ.
ಹುಬ್ಬಳ್ಳಿಯ ದವಾಖಾನೆಯಿಂದ ಬಂದ ನಳಿಕೆಗೆ ಹೆಸರಿಲ್ಲ:
ನಲವತ್ತೊಂದು. ಗಂಡು. ಇಪ್ಪತ್ತಾರು. ಸುಟ್ಟ ಗಾಯ.
ಅವನ ಕೀವಿನ ಜೀವಿಗಳನ್ನು ತಟ್ಟೆಯ ತುಂಬ ಬಿತ್ತಿದೆ.
ಆರು ಔಷಧದ ಬಿಲ್ಲೆ ಇಟ್ಟರೆ ಆರರ ಅಂಚಿಗೂ ಬಂದು,
ಕಟ್ಟೆಗೆ ಒರಗಿ ಕೂತ ಊರ ಹುಡುಗರ ಹಾಗೆ,
ಹಾಯಾಗಿ ಬೆಳೆದವು.

ಏಳನೆಯದು ಗುಡ್ಡದ್ದು. ಸುಣ್ಣದ ಪುಡಿ ಚೆಲ್ಲಿದಂಥ ಚುಕ್ಕೆ,
ಮುಚ್ಚಳ ಎತ್ತಿದರೆ ಹರಗಿದ ಹೊಲದ ವಾಸನೆ.
ಮೂರನೆಯ ದಿನ ಅದರ ಸುತ್ತ
ಯಾರೂ ಕಾಲಿಡದ ಒಂದು ಅಂಗಳ.
ಸ್ಕೇಲ್ ಇಟ್ಟೆ. ಹದಿನಾಲ್ಕು ಮಿಲಿಮೀಟರ್.
ಮತ್ತೆ ಇಟ್ಟೆ. ಕೈ ನಡುಗಿ ಹದಿನೈದು.

ಆಮೇಲೆ ಅದಕ್ಕೆ ಸಕ್ಕರೆ ಕೊಟ್ಟೆ, ಹದವಾದ ಶಾಖ ಕೊಟ್ಟೆ,
ತಟ್ಟೆಯಿಂದ ತಟ್ಟೆಗೆ ಒಬ್ಬಂಟಿ ಮಾಡಿ ಬೆಳೆಸಿದೆ.
ನಾಲ್ಕನೇ ತಟ್ಟೆಗೆ ಅಂಗಳ ಸಣ್ಣದಾಯಿತು.
ಆರನೆಯದರಲ್ಲಿ ಇಲ್ಲ.
ಚುಕ್ಕೆ ಮಾತ್ರ ದುಂಡಗೆ, ಬೆಳ್ಳಗೆ, ಉಂಡು ಮಲಗಿದ ಹಾಗೆ.
ಜಗಳಕ್ಕೆ ನೆರೆಯವರಿಲ್ಲ, ಊಟಕ್ಕೆ ಕರೆಯಲು ಬೇರಿಲ್ಲ,
ಯಾರಿಗಾಗಿ ಕಹಿ ಕಾಸಬೇಕು ಅದು?

"ಪ್ರತಿ ಸಲ ಹಿಂಗ ಆಗೂದ ಬಿಡ್ರಿ," ಅಂದ ದಾವಲಸಾಬ,
ಪ್ಲೇಟುಗಳನ್ನು ಆಟೋಕ್ಲೇವಿಗೆ ತುಂಬುತ್ತ.

ವಾರ್ಡಿಗೆ ಫೋನ್ ಮಾಡಿ ನಲವತ್ತೊಂದನ್ನು ಕೇಳಿದೆ.
"ಆ ಕಾಟು ಖಾಲಿ ಐತ್ರಿ," ಅಂದಿತು ಒಂದು ದನಿ.
ಖಾಲಿಗೆ ಎರಡು ಅರ್ಥ. ಯಾವುದೆಂದು ಕೇಳುವಷ್ಟರಲ್ಲಿ
ಲೈನ್ ಹೋಯಿತು,
ಅಥವಾ ನಾನೇ ಇಟ್ಟೆ.

ಈ ಸಲ ಗಿಡವನ್ನೂ ತರಬೇಕು, ಬೇರು ಬಿಡಿಸದೆ, ಕುಂಡದಲ್ಲಿ.
ಹೊಳಿಯವ್ವ ಅದೇ ಇಳಿಜಾರಿನಲ್ಲಿ,
ಮರಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು:
"ಹೋದ ಸಲದ್ದು ಖರ್ಚಾತೇನ?"